ಸೊನ್ನೆ ಇದ್ದವರು ಪಟ್ಟಿಯಿಂದ ಬಿಟ್ಟುಹೋದಾಗ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ತಿಂಗಳು: ಡೇಟಾಬೇಸ್ ತಪ್ಪಿದಾಗ

ಪ್ರಶ್ನೆ: ಮೇಡಂ, ನಾನು ಒಂದು ಸಹಕಾರ ಸಂಘದ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಡೇಟಾಬೇಸ್‌ನ ಹೊಸ ಆವೃತ್ತಿ ಹಾಕಿದ ಮೇಲೆ ಒಂದು ಕ್ವೆರಿ (ಡೇಟಾಬೇಸ್‌ಗೆ ನಾವು ಕೇಳುವ ಪ್ರಶ್ನೆ) 412 ಸಾಲಿನ ಬದಲು 398 ಸಾಲು ಕೊಡುತ್ತಿದೆ. ಡೇಟಾ ಒಂಚೂರೂ ಬದಲಾಗಿಲ್ಲ. ‘ಡೇಟಾಬೇಸ್ ತಪ್ಪು ಮಾಡಲ್ಲ, ನಿನ್ನ ಕ್ವೆರಿಯೇ ಸರಿ ಇಲ್ಲ’ ಅಂತಾರೆ ಮೇಲಿನವರು. ನಿಜಾನಾ? (ದಾವಣಗೆರೆಯಿಂದ ಒಬ್ಬರು)

ಉತ್ತರ: ಡೇಟಾಬೇಸೂ ತಪ್ಪು ಮಾಡುತ್ತದೆ. ಬೆಂಗಳೂರಿನಲ್ಲಿ ಕೂತು ಅಂಥ ತಪ್ಪುಗಳನ್ನು ಸರಿಮಾಡುವುದೇ 22 ವರ್ಷ ನನ್ನ ಕೆಲಸವಾಗಿತ್ತು. ಹಾಗಂತ ನಾಳೆಯೇ ಮೇಲಿನವರ ಹತ್ತಿರ ಜಗಳಕ್ಕೆ ಹೋಗಬೇಡಿ. ಮೊದಲು ನಿಮ್ಮ ಕಡೆ ಎರಡು ವಿಷಯ ನೋಡಿಕೊಳ್ಳಿ.

ಕ್ವೆರಿಯಲ್ಲಿ ಎಲ್ಲಾದರೂ ಲಿಮಿಟ್ (ಇಷ್ಟೇ ಸಾಲು ಸಾಕು ಎನ್ನುವುದು) ಇದ್ದು ಆರ್ಡರ್ ಬೈ (ಯಾವ ಕ್ರಮದಲ್ಲಿ ಎನ್ನುವುದು) ಇಲ್ಲವಾ? ಹಾಗಿದ್ದರೆ ಯಾವ ಸಾಲು ಮೊದಲು ಬರಬೇಕು ಎಂದು ನೀವು ಹೇಳಿಯೇ ಇಲ್ಲ. ದಿನಕ್ಕೊಂದು ಉತ್ತರ ಬಂದರೂ ಅದು ಬಗ್ ಅಲ್ಲ. ಇನ್ನೊಂದು, ಹಣದ ಕಾಲಂ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಬಗೆ) ಆಗಿದೆಯಾ? ಫ್ಲೋಟ್ ಅಂಕಿಗಳನ್ನು ಕೂಡುವ ಕ್ರಮ ಬದಲಾದರೆ ಮೊತ್ತದ ಕೊನೆಯ ಅಂಕಿ ಬದಲಾಗುತ್ತದೆ. ಆ ಮೊತ್ತವನ್ನು ಇನ್ನೊಂದು ಸಂಖ್ಯೆಗೆ ಹೋಲಿಸುತ್ತಿದ್ದರೆ ಸಾಲುಗಳೂ ಹೆಚ್ಚುಕಡಿಮೆ ಆಗುತ್ತವೆ.

ಎರಡೂ ಇಲ್ಲ ಅಂತಾದರೆ, ಡೇಟಾಬೇಸ್ ಒಳಗೆ ಕ್ವೆರಿಗೆ ದಾರಿ ಹುಡುಕುವ ಆಪ್ಟಿಮೈಸರ್ ಎಂಬ ಭಾಗದ ಕಡೆ ನೋಡಿ. ನೀವು ಬರೆದ ಕ್ವೆರಿಯನ್ನು ಡೇಟಾಬೇಸ್ ಇದ್ದ ಹಾಗೇ ನಡೆಸುವುದಿಲ್ಲ. ಅದೇ ಉತ್ತರ ಬೇಗ ಬರುವ ಹಾಗೆ ತಿರುಗಿಸಿ ಬರೆಯುತ್ತದೆ. ಎಷ್ಟೋ ದಾರಿಗಳ ಖರ್ಚು ಲೆಕ್ಕ ಹಾಕಿ ಅಗ್ಗದ್ದನ್ನು ಹಿಡಿಯುತ್ತದೆ. ಈ ಪದ್ಧತಿಯನ್ನು 1979ರಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಅವರ ಸಂಗಡಿಗರು ಐಬಿಎಂನ ಸಿಸ್ಟಂ ಆರ್ ಯೋಜನೆಯ ಪ್ರಬಂಧದಲ್ಲಿ ವಿವರಿಸಿದರು. ಇವತ್ತಿನ ಆಪ್ಟಿಮೈಸರ್‌ಗಳ ಬುಡ ಅಲ್ಲೇ ಇದೆ. ಲೆಕ್ಕ ತಪ್ಪಿದರೆ ಉತ್ತರ ನಿಧಾನ ಆಗುತ್ತದೆ, ಅಷ್ಟೆ. ತಿರುಗಿಸಿ ಬರೆಯುವುದು ತಪ್ಪಿದರೆ ಉತ್ತರವೇ ತಪ್ಪುತ್ತದೆ. ನಿಧಾನವಾದರೆ ಜನ ಫೋನ್ ಮಾಡಿ ಬೈಯುತ್ತಾರೆ. ತಪ್ಪು ಉತ್ತರ ಬೇಗ ಬಂದರೆ ಯಾರೂ ಫೋನ್ ಮಾಡುವುದಿಲ್ಲ, ವರದಿ ಅಚ್ಚಾಗಿ ಹೋಗಿಬಿಡುತ್ತದೆ. ನಿದ್ದೆಗೆಡಿಸುತ್ತಿದ್ದದ್ದು ನನಗೆ ಈ ಎರಡನೆಯದೇ.

ಒಂದು ಹಳೆಯ, ಹೆಸರುವಾಸಿ ಬಗ್ ತೋರಿಸುತ್ತೇನೆ. ಗ್ರಂಥಾಲಯ ಅಂದುಕೊಳ್ಳಿ. ಸದಸ್ಯರ ಟೇಬಲ್‌ನಲ್ಲಿ ಮೂರು ಜನ. ಯಾರ ಕೈಯಲ್ಲಿ ಎಷ್ಟು ಪುಸ್ತಕ ಇದೆ ಎಂಬ ಕಾಲಂ ಇದೆ. ಒಂದನೆಯವರಿಗೆ 2, ಎರಡನೆಯವರಿಗೆ 1, ಮೂರನೆಯವರಿಗೆ 0. ಎರವಲು ಟೇಬಲ್‌ನಲ್ಲಿ ಒಂದನೆಯವರ ಹೆಸರಿಗೆ ಎರಡು ಸಾಲು, ಎರಡನೆಯವರಿಗೆ ಒಂದು. ಮೂರನೆಯವರು ಏನೂ ಒಯ್ದಿಲ್ಲ, ಅವರ ಸಾಲೇ ಇಲ್ಲ. ‘ಕಾಲಂನ ಸಂಖ್ಯೆಯೂ ಎರವಲಿನ ಕೌಂಟೂ ಯಾರಿಗೆ ತಾಳೆಯಾಗುತ್ತದೆ?’ ಎಂದು ಒಳಕ್ವೆರಿ (ಕ್ವೆರಿಯೊಳಗೆ ಇನ್ನೊಂದು ಕ್ವೆರಿ) ಹಾಕಿ ಕೇಳಿ. ಮೂವರೂ ಬರಬೇಕು, ಅಲ್ವಾ? ಮೂರನೆಯವರಿಗೆ ಕೌಂಟ್ 0, ಕಾಲಂನಲ್ಲೂ 0.

ಒಬ್ಬೊಬ್ಬ ಸದಸ್ಯರಿಗೂ ಒಳಕ್ವೆರಿ ಮತ್ತೆ ಮತ್ತೆ ಓಡಿಸುವುದು ದುಬಾರಿ. ಅದಕ್ಕೆ 1982ರಲ್ಲಿ ವಾನ್ ಕಿಮ್ ಒಂದು ಉಪಾಯ ಬರೆದರು. ಎರವಲು ಟೇಬಲನ್ನು ಒಂದೇ ಸಲ ಗ್ರೂಪ್ ಬೈ ಮಾಡಿ (ಸದಸ್ಯರ ಪ್ರಕಾರ ಗುಂಪು ಮಾಡಿ) ಎಲ್ಲರ ಕೌಂಟ್ ತೆಗೆದಿಡು, ಆಮೇಲೆ ಸದಸ್ಯರ ಟೇಬಲ್ ಜೊತೆ ಜಾಯಿನ್ ಮಾಡು (ಸಾಲಿಗೆ ಸಾಲು ಜೋಡಿಸು). ತುಂಬಾ ಚೆನ್ನಾಗಿದೆ, ವೇಗವೂ ಹೌದು. ಆದರೆ ಮೂರನೆಯವರ ಸಾಲೇ ಇಲ್ಲದ ಮೇಲೆ ಗ್ರೂಪ್ ಬೈಯಲ್ಲಿ ಅವರ ಗುಂಪೇ ಹುಟ್ಟುವುದಿಲ್ಲ. ಜಾಯಿನ್‌ನಲ್ಲಿ ಅವರಿಗೆ ಜೋಡಿ ಸಿಗುವುದಿಲ್ಲ. ಉತ್ತರದಲ್ಲಿ ಇಬ್ಬರೇ. 1984ರಲ್ಲಿ ವೆರ್ನರ್ ಕೀಸ್ಲಿಂಗ್ ಈ ತಪ್ಪನ್ನು ಎತ್ತಿ ತೋರಿಸಿದರು. 1987ರಲ್ಲಿ ಗಾನ್ಸ್ಕಿ ಮತ್ತು ವಾಂಗ್ ಔಟರ್ ಜಾಯಿನ್ (ಜೋಡಿ ಸಿಗದ ಸಾಲನ್ನೂ ಉಳಿಸಿಕೊಳ್ಳುವ ಜಾಯಿನ್) ಬಳಸಿ ಸರಿಪಡಿಸುವ ದಾರಿ ಕೊಟ್ಟರು. ಇದಕ್ಕೆ ‘ಕೌಂಟ್ ಬಗ್’ ಎಂದೇ ಹೆಸರು.

ಸರಿಪಡಿಸುವಾಗಲೂ ಒಂದು ಗುಂಡಿ ಇದೆ. ಔಟರ್ ಜಾಯಿನ್ ಮಾಡಿದ ಮೇಲೆ ಮೂರನೆಯವರಿಗೆ ನಲ್ (ಬೆಲೆಯೇ ಇಲ್ಲ ಎಂಬ ಗುರುತು) ತುಂಬಿದ ಒಂದು ಸಾಲು ಬರುತ್ತದೆ. ಅಲ್ಲಿ ಕೌಂಟ್ ಸ್ಟಾರ್ (ಎಲ್ಲ ಸಾಲುಗಳ ಎಣಿಕೆ) ಹಾಕಿದರೆ 1 ಎನ್ನುತ್ತದೆ. ಎರವಲು ಟೇಬಲ್‌ನ ಕಾಲಂ ಹೆಸರು ಕೊಟ್ಟು ಎಣಿಸಿದರೆ ಮಾತ್ರ 0. ನಮ್ಮ ತಂಡಕ್ಕೆ ಹೊಸಬರು ಬಂದ ಮೊದಲ ದಿನ ಈ ಮೂರು ಸಾಲಿನ ಟೇಬಲನ್ನೇ ಬೋರ್ಡ್ ಮೇಲೆ ಬರೆಸುತ್ತಿದ್ದೆ.

ಹಾಗಾಗಿ ನಿಮಗೆ ನನ್ನ ಮೊದಲ ಮಾತು: ಕಾಣೆಯಾದ ಆ 14 ಸಾಲು ಯಾವುವು ನೋಡಿ. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕದಲ್ಲಿಟ್ಟು ಹೆಸರು ಹೆಸರು ತಾಳೆ ಹಾಕಿ. ಅವರೆಲ್ಲ ಏನೂ ಸಾಲ ಪಡೆಯದವರಾ? ಯಾವುದಾದರೂ ಕಾಲಂ ಖಾಲಿ ಬಿಟ್ಟವರಾ? ಇಂಥ ಬಗ್ ಹೆಚ್ಚಾಗಿ ಸೊನ್ನೆ ಮತ್ತು ನಲ್ ಇರುವ ಕಡೆಯೇ ಕೂತಿರುತ್ತದೆ.

ಆಮೇಲೆ ಆಪ್ಟಿಮೈಸರ್‌ನ ಒಂದೊಂದೇ ಉಪಾಯ ಬಂದ್ ಮಾಡಿ ನೋಡಿ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಆಪ್ಟಿಮೈಸರ್ ಸ್ವಿಚ್ ಎಂಬ ಸೆಟ್ಟಿಂಗ್ ಇದೆ, ಸೆಮಿಜಾಯಿನ್ ಎಂಬ ಉಪಾಯ ಒಂದನ್ನೇ ಆಫ್ ಮಾಡಬಹುದು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಹ್ಯಾಶ್ ಜಾಯಿನ್, ನೆಸ್ಟೆಡ್ ಲೂಪ್ (ಒಂದೊಂದು ಸಾಲಿಗೂ ಇನ್ನೊಂದು ಟೇಬಲ್‌ನಲ್ಲಿ ಮತ್ತೆ ಹುಡುಕುವುದು) ಹೀಗೆ ಜಾಯಿನ್ ಮಾಡುವ ಬಗೆ ಒಂದೊಂದನ್ನೂ ಆಫ್ ಮಾಡಬಹುದು. ಸ್ವಿಚ್ ಆಫ್ ಮಾಡಿದ ತಕ್ಷಣ 398 ಮತ್ತೆ 412 ಆಯಿತೋ, ನಿಮ್ಮ ಕ್ವೆರಿ ಸರಿ ಇದೆ. ಎರಡೂ ಉತ್ತರದ ಪ್ರಿಂಟ್ ಹಿಡಿದು ಮೇಲಿನವರ ಹತ್ತಿರ ಹೋಗಿ.

ಪ್ರಶ್ನೆ: ಇಂಥ ಬಗ್ ನೀವು ಸರಿಮಾಡುತ್ತಿದ್ದದ್ದು ಹೇಗೆ? ಒಂದು ಉದಾಹರಣೆ ಹೇಳಿ. (ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಒಂದು ಮಳೆಗಾಲದ ಶುಕ್ರವಾರ ಮಧ್ಯಾಹ್ನ ಒಂದು ದೂರು ಬಂತು. ಒಂದು ಸಂಸ್ಥೆಯವರು ‘ಇದುವರೆಗೆ ಏನೂ ಕಟ್ಟದವರ ಪಟ್ಟಿ’ ತೆಗೆಯುತ್ತಿದ್ದರು. ಒಮ್ಮೆಯೂ ಕಟ್ಟದವರೇ ಆ ಪಟ್ಟಿಯಲ್ಲಿ ಇರಲಿಲ್ಲ! ಕ್ವೆರಿಯಲ್ಲಿ 19 ಟೇಬಲ್. ಪ್ರಿಂಟ್ ತೆಗೆದರೆ ನಾಲ್ಕು ಪುಟ.

ನಾಲ್ಕು ಪುಟ ಹಿಡಿದುಕೊಂಡು ಬಗ್ ಹುಡುಕಲು ಆಗುವುದಿಲ್ಲ. ಅದನ್ನು ಚಿಕ್ಕದು ಮಾಡಬೇಕು. ಮೇಜಿನ ಮೇಲೆ ಪುಟ ಹರವಿ ಕೆಂಪು ಪೆನ್ನು ಹಿಡಿದು ಕೂತೆ. ಒಂದು ಟೇಬಲ್ ಹೊಡೆದುಹಾಕು, ಓಡಿಸು, ತಪ್ಪು ಇನ್ನೂ ಇದೆಯಾ? ಇದ್ದರೆ ಆ ಟೇಬಲ್ ಬೇಡ. ಹೋಯಿತಾ? ವಾಪಸ್ ಹಾಕು, ಬೇರೆಯದನ್ನು ಹೊಡೆ. ಮೊರದಲ್ಲಿ ಅಕ್ಕಿ ಹರವಿ ಕಲ್ಲು ಆರಿಸುವಷ್ಟೇ ತಾಳ್ಮೆಯ ಕೆಲಸ. ಶನಿವಾರ ಸಂಜೆ ಹೊತ್ತಿಗೆ ಉಳಿದದ್ದು ಎರಡು ಟೇಬಲ್, ಮೂರು ಸಾಲು, ಒಂದು ಲೆಫ್ಟ್ ಜಾಯಿನ್ (ಎಡಗಡೆಯ ಟೇಬಲ್‌ನ ಸಾಲು ಎಲ್ಲ ಉಳಿಸುವ ಔಟರ್ ಜಾಯಿನ್), ಒಂದು ಷರತ್ತು. ಷರತ್ತಿನಲ್ಲಿ ಕೋಅಲೆಸ್ ಇತ್ತು. ಅಂದರೆ ‘ಕಟ್ಟಿದ ಮೊತ್ತ ನಲ್ ಇದ್ದರೆ 0 ಎಂದುಕೋ, ಅದು 0ಗೆ ಸಮ ಇರಲಿ’.

ಈಗ ಕಾರಣ ಕೇಳಿ. ಲೆಫ್ಟ್ ಜಾಯಿನ್ ಆದ ಮೇಲೆ ಬಲಗಡೆಯ ಕಾಲಂ ಮೇಲೆ ಷರತ್ತು ಇದ್ದು, ಅದು ನಲ್ ಸಾಲನ್ನು ಹೇಗೂ ತೆಗೆದುಹಾಕುತ್ತದೆ ಎಂದಾದರೆ, ಅದನ್ನು ಸಾದಾ ಜಾಯಿನ್ ಮಾಡಬಹುದು. ಒಳ್ಳೆಯ ಉಪಾಯ, ಎಲ್ಲ ದೊಡ್ಡ ಡೇಟಾಬೇಸ್‌ಗಳೂ ಮಾಡುತ್ತವೆ. ‘ಹೇಗೂ ತೆಗೆದುಹಾಕುತ್ತದೆ’ ಎಂದು ತಿಳಿಯಲು ನಮ್ಮ ಕೋಡ್‌ನಲ್ಲಿ ಒಂದು ಪಟ್ಟಿ ಇತ್ತು. ನಲ್ ಹಾಕಿದರೆ ನಲ್ಲನ್ನೇ ವಾಪಸ್ ಕೊಡುವ ಫಂಕ್ಷನ್‌ಗಳ ಪಟ್ಟಿ. ಅದರಲ್ಲಿ ಕೋಅಲೆಸ್ ಸೇರಿಕೊಂಡುಬಿಟ್ಟಿತ್ತು. ನಲ್ಲನ್ನು ಬೇರೆ ಏನಾದರೂ ಮಾಡುವುದೇ ಅದರ ಕೆಲಸ! ಹೀಗಾಗಿ ಲೆಫ್ಟ್ ಜಾಯಿನ್ ಸಾದಾ ಜಾಯಿನ್ ಆಯಿತು, ಏನೂ ಕಟ್ಟದವರು ಷರತ್ತಿನ ತನಕ ಬರಲೇ ಇಲ್ಲ.

ಸರಿಪಡಿಸಿದ್ದು ಕೋಡ್‌ನ ಒಂದೇ ಸಾಲು. ಆದರೆ ಅಲ್ಲಿಗೆ ಬಿಡಬಾರದು. ಒಂದು ಬಗ್ ಸಿಕ್ಕಿದರೆ ಅದರ ಅಕ್ಕಪಕ್ಕ ತಡಕಬೇಕು. ಸೋಮವಾರ ಇಡೀ ಪಟ್ಟಿಯನ್ನು ಒಂದೊಂದಾಗಿ ನೋಡಿದೆವು. ಇನ್ನೂ ಮೂರು ಫಂಕ್ಷನ್ ತಪ್ಪು ಜಾಗದಲ್ಲಿದ್ದವು. ಆ ಮೂರರ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ. ಎಷ್ಟು ಪಟ್ಟಿಗಳಲ್ಲಿ ಎಷ್ಟು ಹೆಸರು ಬಿಟ್ಟುಹೋಗಿದ್ದವೋ ಎಂದು ಆ ರಾತ್ರಿ ತುಂಬಾ ಹೊತ್ತು ಯೋಚಿಸಿದೆ. ಆ ಮೂರು ಸಾಲಿನ ಟೇಬಲ್ ಟೆಸ್ಟ್‌ಗಳ ಜೊತೆ ಸೇರಿತು. ಯಾರು ಏನೇ ಬದಲಿಸಿದರೂ ಅದು ಪ್ರತಿ ರಾತ್ರಿ ಓಡುತ್ತಿತ್ತು.

ಪ್ರಶ್ನೆ: ನಮ್ಮ ಪೋಸ್ಟ್‌ಗ್ರೆಸ್‌ನಲ್ಲಿ ಜಿಲ್ಲೆ ಒಂದನ್ನೇ ಕೊಟ್ಟರೆ ಉತ್ತರ ಬೇಗ ಬರುತ್ತದೆ. ಜಿಲ್ಲೆ, ತಾಲೂಕು ಎರಡೂ ಕೊಟ್ಟರೆ ತುಂಬಾ ನಿಧಾನ. ಷರತ್ತು ಜಾಸ್ತಿ ಆದಷ್ಟೂ ಬೇಗ ಬರಬೇಕಲ್ವಾ? (ಶಿವಮೊಗ್ಗ)

ಉತ್ತರ: ನಿಮ್ಮ ಊರಿನ ಲೆಕ್ಕದಲ್ಲೇ ನೋಡೋಣ. ಟೇಬಲ್‌ನಲ್ಲಿ 7,44,000 ಸಾಲು, 31 ಜಿಲ್ಲೆ, 240 ತಾಲೂಕು, ಎಲ್ಲ ಸಮನಾಗಿ ಹಂಚಿದೆ ಎಂದಿಟ್ಟುಕೊಳ್ಳಿ. ಜಿಲ್ಲೆ ಶಿವಮೊಗ್ಗ, ತಾಲೂಕು ತೀರ್ಥಹಳ್ಳಿ ಎಂದು ಕೇಳಿದಿರಿ. ನಿಜವಾಗಿ ಬರುವುದು 3,100 ಸಾಲು. ತೀರ್ಥಹಳ್ಳಿ ಅಂದ ಮೇಲೆ ಶಿವಮೊಗ್ಗ ಅಂತ ಬೇರೆ ಹೇಳಬೇಕಾ? ನಮಗೆ ಗೊತ್ತು, ಆಪ್ಟಿಮೈಸರ್‌ಗೆ ಗೊತ್ತಿಲ್ಲ. ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ಷರತ್ತು ಎಂದುಕೊಂಡು 31ರಿಂದ ಒಮ್ಮೆ, 240ರಿಂದ ಒಮ್ಮೆ ಭಾಗಿಸುತ್ತದೆ. 100 ಸಾಲು ಬರುತ್ತದೆ ಅಂದುಕೊಳ್ಳುತ್ತದೆ. ನೂರೇ ಅಲ್ವಾ ಎಂದು ನೆಸ್ಟೆಡ್ ಲೂಪ್ ಹಿಡಿಯುತ್ತದೆ. ಮುಂದೆ ಇನ್ನೂ ಮೂರು ಟೇಬಲ್ ಜಾಯಿನ್ ಇದ್ದರೆ ಆ 31 ಪಟ್ಟಿನ ತಪ್ಪು ಅಲ್ಲಿಗೂ ಹೋಗುತ್ತದೆ.

ಪೋಸ್ಟ್‌ಗ್ರೆಸ್ 10ರಿಂದ, ಅಂದರೆ 2017ರಿಂದ, ಇದಕ್ಕೆ ಮದ್ದು ಇದೆ. ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಎಂಬ ಆದೇಶದಲ್ಲಿ ಎರಡೂ ಕಾಲಂ ಹೆಸರಿಸಿ ಡಿಪೆಂಡೆನ್ಸೀಸ್ (ಒಂದು ಇನ್ನೊಂದನ್ನು ಅವಲಂಬಿಸಿದೆ) ಎಂದು ಹೇಳಿ, ಆಮೇಲೆ ಅನಲೈಜ್ (ಟೇಬಲ್‌ನ ಅಂಕಿಅಂಶ ಸಂಗ್ರಹಿಸುವ ಆದೇಶ) ಓಡಿಸಿ. ಅನಲೈಜ್ ಮರೆತರೆ ಏನೂ ಪ್ರಯೋಜನ ಆಗುವುದಿಲ್ಲ, ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಇದು ಬಗ್ಗಾ ಎಂದರೆ ಅಲ್ಲ. ಆಪ್ಟಿಮೈಸರ್ ಬರೆಯುವವರು ಈ ಅಂದಾಜು ಸರಿಮಾಡಲು ಹೋದಾಗ ಒಂದು ಕಷ್ಟ ಇದೆ. ಹಳೆಯ ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ಹೇಗೋ ಒಳ್ಳೆಯ ಪ್ಲಾನ್ (ಕ್ವೆರಿ ನಡೆಸುವ ದಾರಿ) ಬರುತ್ತಿರುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಹೊರಗೆ ಬೀಳುತ್ತದೆ. ನಿನ್ನೆವರೆಗೆ ಚೆನ್ನಾಗಿ ಓಡುತ್ತಿದ್ದ ಕ್ವೆರಿ ಕುಂಟುತ್ತದೆ. ಅದಕ್ಕೇ ನಾನು ತಪ್ಪು ಉತ್ತರದ ಬಗ್ಗನ್ನು ಅದೇ ವಾರ ಎಲ್ಲ ಹಳೆಯ ಆವೃತ್ತಿಗಳಿಗೂ ಕಳಿಸುತ್ತಿದ್ದೆ. ಅಂದಾಜಿನ ಸುಧಾರಣೆ ಮಾತ್ರ ಮುಂದಿನ ದೊಡ್ಡ ಆವೃತ್ತಿಗೆ, ಅದೂ ಆಫ್ ಮಾಡಲು ಒಂದು ಸ್ವಿಚ್ ಇಟ್ಟು.

ಪ್ರಶ್ನೆ: ಸುಮ್ನೆ ಹಿಂಟ್ (ಈ ದಾರಿಯಲ್ಲೇ ಹೋಗು ಎಂದು ಆಪ್ಟಿಮೈಸರ್‌ಗೆ ಸೂಚನೆ) ಹಾಕಿದರೆ ಆಗಲ್ವಾ? (ಬೆಂಗಳೂರು)

ಉತ್ತರ: ರಾತ್ರಿ 11ಕ್ಕೆ ಸರ್ವರ್ ಏದುಸಿರು ಬಿಡುತ್ತಿದ್ದರೆ ಹಾಕಿ. ಯಾಕೆ ಹಾಕಿದೆ ಎಂದು ಪಕ್ಕದಲ್ಲೇ ಬರೆದಿಡಿ. ಡೇಟಾ ಬೆಳೆಯುತ್ತದೆ, ಹಿಂಟ್ ಅಲ್ಲೇ ಇರುತ್ತದೆ. ಎರಡು ವರ್ಷ ಕಳೆದ ಮೇಲೆ ಅದೇ ಹಿಂಟ್ ಕಾಲಿಗೆ ತೊಡರುವುದನ್ನು ತುಂಬಾ ಸಲ ಕಂಡಿದ್ದೇನೆ.

ಪ್ರಶ್ನೆ: ನಾನು ಟೆಸ್ಟರ್. ಸರಿ ಉತ್ತರ ಯಾವುದೆಂದೇ ಗೊತ್ತಿಲ್ಲದಿದ್ದರೆ ತಪ್ಪು ಉತ್ತರ ಹಿಡಿಯುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ! ಜ್ಯೂರಿಕ್‌ನ ಇಟಿಎಚ್‌ನಲ್ಲಿ ಮಾನುಯೆಲ್ ರಿಗರ್ ಮತ್ತು ಝೆಂಡಾಂಗ್ ಸು 2020ರಲ್ಲಿ ಇದಕ್ಕೆ ಸೊಗಸಾದ ಉತ್ತರ ಕೊಟ್ಟರು. ಅವರ ಎಸ್‌ಕ್ಯೂಎಲ್‌ಯಾನ್ಸರ್ ಎಂಬ ಸಾಧನ ಹೆಸರಾಂತ ಡೇಟಾಬೇಸ್‌ಗಳಲ್ಲಿ ನೂರಾರು ಬಗ್ ಹಿಡಿದಿದೆ.

ಒಂದು ಉಪಾಯ ಹೀಗೆ. ಯಾವುದೋ ಷರತ್ತು ತೆಗೆದುಕೊಳ್ಳಿ. ಷರತ್ತು ನಿಜವಾದ ಸಾಲು, ಸುಳ್ಳಾದ ಸಾಲು, ನಲ್ ಆದ ಸಾಲು ಎಂದು ಮೂರು ಸಲ ಕೇಳಿ. ಮೂರೂ ಬುಟ್ಟಿ ಸೇರಿಸಿದರೆ ಇಡೀ ಟೇಬಲ್ ಸಿಗಬೇಕು. ಸಿಗದಿದ್ದರೆ ಬಗ್ ಇದೆ. ಸರಿ ಉತ್ತರ ನಿಮಗೆ ಗೊತ್ತಿರಬೇಕಾಗಿಯೇ ಇಲ್ಲ.

ಇನ್ನೊಂದು: ಷರತ್ತನ್ನು ಕ್ವೆರಿಯ ವೇರ್‌ನಲ್ಲಿ (ಸಾಲು ಸೋಸುವ ಭಾಗದಲ್ಲಿ) ಹಾಕಿ ಎಷ್ಟು ಸಾಲು ಬಂತು ಎಣಿಸಿ. ಆಮೇಲೆ ಅದೇ ಷರತ್ತನ್ನು ಸೆಲೆಕ್ಟ್ (ಏನು ತೋರಿಸಬೇಕು ಎನ್ನುವ ಭಾಗ) ಪಕ್ಕ ಇಟ್ಟು, ಟೇಬಲ್‌ನ ಪ್ರತಿ ಸಾಲಿಗೂ ನಿಜವೋ ಅಲ್ಲವೋ ಎಂದು ಕೇಳಿ, ನಿಜ ಎಂದವನ್ನು ಎಣಿಸಿ. ವೇರ್‌ನಲ್ಲಿದ್ದರೆ ಆಪ್ಟಿಮೈಸರ್ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಹಿಡಿದು ಓಡುತ್ತದೆ. ಸೆಲೆಕ್ಟ್‌ನಲ್ಲಿದ್ದರೆ ಪ್ರತಿ ಸಾಲನ್ನೂ ನೋಡಲೇಬೇಕು. ಎರಡು ಎಣಿಕೆ ತಾಳೆಯಾಗದಿದ್ದರೆ ಆಪ್ಟಿಮೈಸರ್ ಎಲ್ಲೋ ತಪ್ಪಿದೆ. ದಾವಣಗೆರೆಯ ಓದುಗರೂ ಇದನ್ನು ಮಾಡಿ ನೋಡಬಹುದು.

ಪ್ರಶ್ನೆ: ಅಕ್ಕ, ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಈ ಕೆಲಸ ಕಲಿಯಬಹುದಾ? ಎಲ್ಲಿಂದ ಶುರು ಮಾಡಲಿ? (ಶಿರಸಿ)

ಉತ್ತರ: ಖಂಡಿತ ಕಲಿಯಬಹುದು. ನಾನೂ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಈ ವಿದ್ಯೆಗೆ ನಮ್ಮ ಬೆಂಗಳೂರಿನ ಕೊಡುಗೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಜಯಂತ್ ಹರಿತ್ಸ ಅವರ ತಂಡ ‘ಪಿಕಾಸೊ’ ಎಂಬ ಸಾಧನ ಮಾಡಿತು. ಷರತ್ತಿಗೆ ಸಿಗುವ ಸಾಲು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋದರೆ ಆಪ್ಟಿಮೈಸರ್ ಎಲ್ಲೆಲ್ಲಿ ಪ್ಲಾನ್ ಬದಲಿಸುತ್ತದೆ ಎಂದು ಬಣ್ಣಬಣ್ಣದಲ್ಲಿ ತೋರಿಸುತ್ತದೆ. ಚಿತ್ರ ನೋಡಿದರೆ ಹೆಸರು ಯಾಕೆಂದು ತಿಳಿಯುತ್ತದೆ. 2005ರಲ್ಲಿ ಬಂದ ಅವರ ಪ್ರಬಂಧದಲ್ಲಿ ನನಗೆ ಇಷ್ಟವಾದ ಒಂದು ವಿಷಯ: ಕೆಲವು ಕಡೆ ಸಾಲು ಜಾಸ್ತಿ ಆದರೂ ಅಂದಾಜು ಖರ್ಚು ಇಳಿದಿರುತ್ತದೆ. ಜಾಸ್ತಿ ಕೆಲಸಕ್ಕೆ ಕಡಿಮೆ ಖರ್ಚು ಹೇಗೆ ಸಾಧ್ಯ? ಅಲ್ಲೇ ಅಗೆಯಬೇಕು.

ಶುರು ಮಾಡಲು ಪೋಸ್ಟ್‌ಗ್ರೆಸ್ ಹಾಕಿಕೊಳ್ಳಿ, ದುಡ್ಡು ಬೇಡ. ನಿಮ್ಮೂರಿನ ಅಡಿಕೆ ಮಂಡಿಯ ಹಾಗೆ ಎರಡು ಟೇಬಲ್ ಮಾಡಿ: ರೈತರು, ಮಾರಾಟ. ಒಂದಷ್ಟು ರೈತರು ಏನೂ ಮಾರಿಲ್ಲದಿರಲಿ. ಆಮೇಲೆ ಪ್ರತಿ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ, ಅದು ತೋರಿಸುವ ಪ್ಲಾನ್ ಓದಿ. ಸಮಯ ನೋಡುವ ಮೊದಲು ಅಂದಾಜು ಸಾಲು ಎಷ್ಟು, ನಿಜ ಸಾಲು ಎಷ್ಟು ನೋಡಿ. ಎರಡರ ನಡುವೆ ಹತ್ತಾರು ಪಟ್ಟು ಅಂತರ ಇರುವ ಕಡೆ, ಅದರಲ್ಲೂ ಎಲ್ಲಕ್ಕಿಂತ ಒಳಗಿನ ಹೆಜ್ಜೆಯಲ್ಲಿ, ನಿಲ್ಲಿ. ಒಂದು ಎಚ್ಚರಿಕೆ: ಅಲ್ಲಿ ತೋರಿಸುವ ನಿಜ ಸಾಲು ಒಂದು ಲೂಪಿನ ಸರಾಸರಿ. ಸಾಲು 1, ಲೂಪ್ 40,000 ಎಂದು ಕಂಡರೆ ಆ ಹೆಜ್ಜೆಯಲ್ಲಿ ಬಂದದ್ದು ಸುಮಾರು 40,000 ಸಾಲು.