ಗೋಡೆ ಚಿತ್ರಕ್ಕೆ ಕವಿತೆಯಲ್ಲಿ ಉತ್ತರ ಕೊಡುವುದು ಹೇಗೆ?

ನೀವು ದಾವಣಗೆರೆಯಿಂದ ಬಂದವರು, ಇಂದಿರಾನಗರದಲ್ಲಿ ಮನೆ ಮಾಡಿದ್ದೀರಿ, ಸಾಫ್ಟ್‌ವೇರ್ ಕೆಲಸ, ಕವಿತೆ ಬರೆಯುವ ಆಸೆ ಅಂತ ಹೇಳಿಕೊಂಡಿದ್ದೀರಿ. ಬೆಂಗಳೂರಿನ ಗೋಡೆಗಳ ಮೇಲಿನ ರಾಜಕೀಯ ಚಿತ್ರ, ಬರಹ ನೋಡಿದಾಗ ಏನೋ ಹೇಳಬೇಕು ಅನ್ನಿಸುತ್ತದೆ, ಆದರೆ ಬರೆಯಲು ಕೂತರೆ ಬರೀ ಚಿತ್ರದ ವರ್ಣನೆ ಆಗಿಬಿಡುತ್ತದೆ ಅನ್ನೋದು ನಿಮ್ಮ ಕಷ್ಟ. ನಿನ್ನೆ ಮೊನ್ನೆ ಬಂದ ನನಗೆ ಈ ಊರಿನ ಗೋಡೆ ಬಗ್ಗೆ ಮಾತಾಡುವ ಹಕ್ಕಿದೆಯಾ ಅಂತಲೂ ಕೇಳಿದ್ದೀರಿ.

ಎರಡನೇ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲನೆಯದಕ್ಕೆ ನನ್ನ ಉತ್ತರ ಇಷ್ಟು: ಚಿತ್ರವನ್ನು ಸ್ವಲ್ಪ ಹೊತ್ತು ಬಿಡಿ, ಗೋಡೆಯನ್ನು ನೋಡಿ. ಅದು ಯಾರ ಗೋಡೆ? ಬಣ್ಣಕ್ಕೆ ದುಡ್ಡು ಕೊಟ್ಟವರು ಯಾರು? ಆ ಜಾಗದಲ್ಲಿ ಮೊದಲು ಏನಿತ್ತು, ಯಾರಿದ್ದರು? ನಾಳೆ ಅದರ ಮೇಲೆ ಸುಣ್ಣ ಬಳಿಸುವ ಅಧಿಕಾರ ಯಾರಿಗಿದೆ? ಇಷ್ಟನ್ನು ವಿಚಾರಿಸಿಕೊಂಡರೆ ಕವಿತೆಗೆ ಬೇಕಾದ ಜಗಳ ಸಿಗುತ್ತದೆ. ನಾನು ಮಾಗಡಿ ರಸ್ತೆ ಕಡೆಯವಳು. ನಾವು ಕೆಲವು ಗೆಳೆಯ ಗೆಳತಿಯರು ಭಾನುವಾರ ಬೆಳಿಗ್ಗೆ ಇಂಥ ಗೋಡೆಗಳ ಮುಂದೆ ನಿಂತು ಕವಿತೆ ಓದುತ್ತೇವೆ. ಹೇಳುವುದೆಲ್ಲ ಅಲ್ಲಿ ಕಂಡದ್ದು, ಕೇಳಿದ್ದು.

ಬೆಂಗಳೂರಿನಲ್ಲಿ ನೀವು ನೋಡುವ ಗೋಡೆ ಚಿತ್ರಗಳಲ್ಲಿ ಜಾಸ್ತಿ ಪಾಲು ಯಾರೋ ಹೇಳಿ ಬರೆಸಿದ್ದು. 2009ರ ಹೊತ್ತಿಗೆ ಪಾಲಿಕೆ ಊರಿನ ಗೋಡೆಗಳಿಗೆಲ್ಲ ಚಿತ್ರ ಬರೆಸಿತು. ಹಂಪಿಯ ಕಲ್ಲಿನ ರಥ, ಜೋಗ, ಯಕ್ಷಗಾನ, ಹುಲಿ, ಆನೆ. ಬರೆದವರಲ್ಲಿ ತುಂಬಾ ಜನ ಬೋರ್ಡು, ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರು. ಫ್ಲೆಕ್ಸ್ ಪ್ರಿಂಟಿಂಗ್ ಬಂದು ಅವರ ಕೈಗೆ ಕೆಲಸ ಇಲ್ಲದಂತಾಗಿತ್ತು. ಆ ಚಿತ್ರಗಳನ್ನು ಕ್ಯಾಲೆಂಡರ್ ಚಿತ್ರ ಅಂತ ಹಗುರವಾಗಿ ಮಾತಾಡುವ ಕವಿಗಳಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗೋಡೆಯ ಮೂಲೆಯಲ್ಲಿ ಕಲಾವಿದ ತನ್ನ ಹೆಸರು, ಫೋನ್ ನಂಬರ್ ಬರೆದಿರುವುದು ಕಂಡರೆ ಅಲ್ಲಿ ಸ್ವಲ್ಪ ನಿಲ್ಲಿ. ಮುಂದಿನ ಕೆಲಸಕ್ಕಾಗಿ ಕಾಯುತ್ತಿರುವ ಒಬ್ಬ ಮನುಷ್ಯ ಆ ಮೂಲೆಯಲ್ಲಿದ್ದಾನೆ.

ಇಂಥ ಚಿತ್ರಗಳಲ್ಲಿ ರಾಜಕೀಯ ಎಲ್ಲಿದೆ ಅಂತ ನೀವು ಕೇಳಬಹುದು. ಬಿಟ್ಟದ್ದರಲ್ಲಿ ಇದೆ. ಮರ ಕಡಿದು ಅಗಲ ಮಾಡಿದ ರಸ್ತೆ ಪಕ್ಕದ ಗೋಡೆಯಲ್ಲಿ ಮರ ಇರುತ್ತದೆ. ಫ್ಲೈಓವರ್ ಕಂಬದ ಮೇಲೆ ಕೆರೆ ಇರುತ್ತದೆ. ಈ ಊರಲ್ಲಿ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಬಿಡಿಸಿದ ಒಂದು ಕಂಬದ ಮುಂದೆ ನಿಂತಾಗ ನಾನು ಬರೆದ ಸಾಲುಗಳು ಇವು:

ಕಂಬದ ಮೇಲಿನ ಕೆರೆಯೇ,
ನಿನ್ನಲ್ಲಿ ಕೊಕ್ಕರೆ ಇದೆ, ತಾವರೆ ಇದೆ,
ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ನಮ್ಮಜ್ಜಿ
ಎಲ್ಲಿ ಹೋದಳು?
ಅವಳ ಕಲ್ಲಿಗೆ ಜಾಗ ಇರಲಿಲ್ಲವೇ?

ಕೆರೆಯ ಬಣ್ಣ ಎಂಥದ್ದು, ಕೊಕ್ಕರೆ ಎಷ್ಟು ಚಂದ ಅಂತ ಬರೆದಿದ್ದರೆ ನನ್ನ ಕವಿತೆಯೂ ಆ ಕಂಬದ ಹಾಗೆಯೇ ನಿಂತುಬಿಡುತ್ತಿತ್ತು. ಅಜ್ಜಿಯನ್ನು ಹುಡುಕಲು ಹೋದಾಗ ಮಾತು ಬಂತು. ನಿಮಗೂ ಇದನ್ನೇ ಹೇಳುತ್ತೇನೆ. ಚಿತ್ರದಲ್ಲಿ ಯಾರಿಲ್ಲ ಅಂತ ಮೊದಲು ಕೇಳಿಕೊಳ್ಳಿ.

ಜನ ತಾವೇ ಬರೆಸುವ ಚಿತ್ರಗಳು ಬೇರೆ. ಕೊಳೆಗೇರಿಯ ಬಾಗಿಲಲ್ಲೇ ನೀಲಿ ಕೋಟಿನ ಅಂಬೇಡ್ಕರ್ ಚಿತ್ರ ಇರುತ್ತದಲ್ಲ, ಅದಕ್ಕೆ ಓಣಿಯವರೇ ಚಂದಾ ಎತ್ತಿರುತ್ತಾರೆ. ಚಂದ ಕಾಣಲಿ ಅಂತ ಮಾತ್ರ ಬರೆಸಿದ್ದಲ್ಲ ಅದು. ಇಲ್ಲಿ ನಾವಿದ್ದೇವೆ, ಇದು ನಮ್ಮ ಜಾಗ ಅಂತ ಹೇಳುವ ಬಗೆ. ಈ ಊರಲ್ಲಿ ಹಾಗೆ ಹೇಳಲೇಬೇಕಾಗುತ್ತದೆ. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿ ಜಾಗವನ್ನು ತೆರವು ಮಾಡಿದಾಗ ಸಾವಿರಾರು ಜನ ಚಳಿಯಲ್ಲಿ ಬೀದಿಗೆ ಬಿದ್ದರು. ಆ ಜಾಗ ಕೋರಮಂಗಲಕ್ಕೆ ಅಂಟಿಕೊಂಡಿದೆ. ಅಲ್ಲಿನ ನೆಲದ ಬೆಲೆ ನಿಮಗೆ ಗೊತ್ತೇ ಇದೆ. ಹಾಗೆಯೇ 2016ರಿಂದ ಅರವಾನಿ ಆರ್ಟ್ ಪ್ರಾಜೆಕ್ಟ್ ಅನ್ನುವ ಕಲಾ ಗುಂಪು ಟ್ರಾನ್ಸ್‌ಜೆಂಡರ್ ಮಹಿಳೆಯರ ಜೊತೆ ಸೇರಿ ಬೆಂಗಳೂರಿನ ಗೋಡೆಗಳಿಗೆ ಬಣ್ಣ ಹಚ್ಚುತ್ತಿದೆ. ಕೆ.ಆರ್. ಮಾರುಕಟ್ಟೆಯಲ್ಲೂ ಮಾಡಿದ್ದಾರೆ. ತಮ್ಮ ಮುಖವನ್ನು ತಾವೇ ಬರೆದುಕೊಂಡವರ ಪರವಾಗಿ ಮಾತಾಡಲು ಹೋಗಬೇಡಿ. ಅವರು ಮಾತಾಡಿ ಆಗಿದೆ. ನಿಮ್ಮ ಮಾತೇನಿದ್ದರೂ ನೋಡುವವರ ಕಡೆಯದು: ಆ ಮುಖಗಳ ಮುಂದೆ ದಿನಾ ನಡೆದುಹೋಗುವ ಜನ ಏನು ಮಾಡುತ್ತಾರೆ, ನೀವು ಏನು ಮಾಡಿದಿರಿ.

ಇನ್ನು ನಿಮ್ಮ ಇಂದಿರಾನಗರದ ಕಡೆ ಕಾಣುವ ಗೋಡೆಗಳು. ಕೆಫೆ, ಬ್ರೂಯಿಂಗ್ ಪಬ್, ಬಟ್ಟೆ ಅಂಗಡಿಗಳ ಹೊರಗೋಡೆ. ಅಲ್ಲೂ ಮುಷ್ಟಿ ಎತ್ತಿದ ಹೆಂಗಸು ಇರುತ್ತಾಳೆ, ಇಂಗ್ಲಿಷಿನಲ್ಲಿ ಒಂದು ಘೋಷಣೆ ಇರುತ್ತದೆ. ಬರೆದ ಕಲಾವಿದರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಗೋಡೆ ಫೋಟೋಗಳಲ್ಲಿ ಓಡಾಡಿದ ಮೇಲೆ ಓಣಿಯ ಬಾಡಿಗೆ ಏರುವುದನ್ನು ನಾನು ಕಂಡಿದ್ದೇನೆ. ಮೊದಲು ಹೋಗುವುದು ಇಸ್ತ್ರಿ ಗಾಡಿ. ಆಮೇಲೆ ಟೈಲರ್ ಅಂಗಡಿ. ಆಮೇಲೆ ಮೇಲಿನ ಮಹಡಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಇದ್ದ ಸಂಸಾರ. ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಅಗ್ರಿಮೆಂಟ್, ಪ್ರತಿ ಸಲ ಏರಿಕೆ. ಇದಕ್ಕೆಲ್ಲ ಚಿತ್ರವೇ ಕಾರಣ ಅಂತ ಹೇಳುತ್ತಿಲ್ಲ. ಚಿತ್ರಕ್ಕೆ ಇದರಲ್ಲಿ ಪಾತ್ರ ಇದೆ ಅನ್ನುತ್ತಿದ್ದೇನೆ.

ಇದು ನಮ್ಮೊಬ್ಬರ ಕಥೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ ಬಾಮಿ ಆಲಿ ಅನ್ನುವ ಓಣಿಯಲ್ಲಿ 1984ರಿಂದಲೂ ಮಧ್ಯ ಅಮೆರಿಕದ ಯುದ್ಧಗಳ ವಿರುದ್ಧ ಚಿತ್ರಗಳಿವೆ. ಟೆಕ್ ಕಂಪನಿಗಳ ದುಡ್ಡು ಬಂತು, ಬಾಡಿಗೆ ಏರಿತು, ಅಲ್ಲಿನ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳಲ್ಲಿ ತುಂಬಾ ಮಂದಿ ಊರು ಬಿಟ್ಟರು. ಚಿತ್ರಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಹತ್ತಿರದ ಕ್ಲಾರಿಯನ್ ಆಲಿಯ ಕಲಾವಿದರು ಮನೆ ಖಾಲಿ ಮಾಡಿಸುವುದನ್ನೇ ಗೋಡೆಗೆ ತಂದರು.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಬೀದಿಯಲ್ಲಿ ಚಿತ್ರ, ಅದರ ಜೊತೆಗೆ ಬರಹ ಅನ್ನೋದು ಹೊರಗಿನಿಂದ ಬಂದ ಫ್ಯಾಷನ್ ಅಂತ ಕೆಲವರು ಅಂದುಕೊಂಡಿದ್ದಾರೆ. ವೀರಗಲ್ಲು ನೋಡಿದವರು ಹಾಗೆ ಹೇಳಲಾರರು. ಸತ್ತವನ ಚಿತ್ರ, ಅವನು ಎಲ್ಲಿ, ಯಾವಾಗ, ಯಾಕೆ ಸತ್ತ ಅನ್ನುವ ಮಾತು, ಎರಡೂ ಒಂದೇ ಕಲ್ಲಿನಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿಟ್ಟಯ್ಯನ ಕಲ್ಲು ಸುಮಾರು ಕ್ರಿ.ಶ. 750ರದ್ದು. ಗಂಗ ವಂಶದ ರಾಜ ಶ್ರೀಪುರುಷ ಆಳುತ್ತಿದ್ದ ಕಾಲ. ರಾಷ್ಟ್ರಕೂಟರ ದಾಳಿಯಲ್ಲಿ ಊರಿಗಾಗಿ ಹೋರಾಡಿ ಸತ್ತವನು ಕಿಟ್ಟಯ್ಯ. ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹ ಅಂತ ಗುರುತಿಸಿದ್ದಾರೆ ಅದನ್ನು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಇನ್ನೊಂದು ಕಲ್ಲಿದೆ. 'ಬೆಂಗಳೂರು' ಅನ್ನುವ ಹೆಸರು ಮೊದಲು ಕಾಣುವುದು ಅದರಲ್ಲಿ, ಅದೂ ಒಂದು ಕಾಳಗದ ಸುದ್ದಿಯಾಗಿ. ಈ ಊರಿನ ಹೆಸರು ದಾಖಲಾದದ್ದೇ ಒಂದು ಸಾವಿನ ಲೆಕ್ಕದಲ್ಲಿ. ಅದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಕಲ್ಲುಗಳಿಂದ ನಾನು ಕಲಿತದ್ದು ತೀರಾ ಕೆಲಸದ ವಿಷಯ. ಅಲ್ಲಿ ಹೆಸರು ಇರುತ್ತದೆ, ಊರು ಇರುತ್ತದೆ, ಆಳುವವನು ಯಾರು ಅಂತ ಇರುತ್ತದೆ. 'ನೊಂದವರು', 'ಶೋಷಿತರು' ಅಂತ ಸುಮ್ನೆ ಗುಂಪಾಗಿ ಹೇಳುವುದಿಲ್ಲ. ನಿಮ್ಮ ಕವಿತೆಯಲ್ಲೂ ಕ್ರಾಸ್, ಮೇನ್, ಬಡಾವಣೆಯ ಹೆಸರು ಬರಲಿ. ಆ ವರ್ಷ ಅಧಿಕಾರದಲ್ಲಿ ಯಾರಿದ್ದರು ಅನ್ನೋದು ಗೊತ್ತಾಗಲಿ. ಕೆಳಗೆ ತಾರೀಖು ಹಾಕಿ. ಬಣ್ಣ ಎರಡು ಮಳೆಗಾಲ ತಡೆದರೆ ಹೆಚ್ಚು. ಗೋಡೆ ಹೋದ ಮೇಲೆ ನಿಮ್ಮ ಕವಿತೆಯೇ ಅದರ ವಿಳಾಸ ಹೇಳಬೇಕಾಗುತ್ತದೆ.

ನಮ್ಮ ಮಾಗಡಿ ರಸ್ತೆಯಲ್ಲಿ ಅದಕ್ಕೆ ಬೇಕಾದಷ್ಟು ಸಾಕ್ಷಿ ಇದೆ. ಬಿನ್ನಿ ಮಿಲ್ ಕಾಂಪೌಂಡಿನ ಉದ್ದಕ್ಕೂ ಕೆಂಪು ಬಣ್ಣದಲ್ಲಿ ಯೂನಿಯನ್‌ನವರು ಬರೆದ ಸಾಲುಗಳನ್ನು ನೋಡುತ್ತಾ ನಾನು ಅಕ್ಷರ ಕೂಡಿಸಿ ಓದುವುದು ಕಲಿತೆ. ಇವತ್ತು ಆ ನೆಲದಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳಿವೆ. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗಕ್ಕೆ 2010ರಲ್ಲಿ ಮಾಲ್ ಬಂತು. ಪಕ್ಕದ ಶ್ರೀರಾಂಪುರದ ಕೇರಿಯಲ್ಲಿ ಬೆಳೆದ ದಲಿತ ಕವಿ ಸಿದ್ಧಲಿಂಗಯ್ಯ ಬರೆದ ಹಾಡುಗಳು ಮಾತ್ರ ಉಳಿದವು. 1975ರಲ್ಲಿ ಅವರ ಮೊದಲ ಸಂಕಲನ ಬಂದಾಗಿನಿಂದ ಜನ ಅವನ್ನು ಮೆರವಣಿಗೆಗಳಲ್ಲಿ ಹಾಡುತ್ತಲೇ ಬಂದಿದ್ದಾರೆ. 2021ರಲ್ಲಿ ಅವರು ಕೋವಿಡ್‌ಗೆ ತೀರಿಕೊಂಡ ಮೇಲೂ ಹಾಡುತ್ತಿದ್ದಾರೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಶುರುವಾದಾಗ ಕವಿತೆ ಬೀದಿಗೆ ಬರಬೇಕು ಅಂತ ಹಠ ಹಿಡಿದವರು ಸುಮ್ನೆ ಹಿಡಿದದ್ದಲ್ಲ.

ಅಳಿಸಿದ ಗೋಡೆಗೂ ಕವಿತೆ ಬರೆಯಬಹುದು. ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. 2020ರ ಜನವರಿಯಲ್ಲಿ ಚರ್ಚ್ ಸ್ಟ್ರೀಟಿನ ಗೋಡೆ, ಶಟರ್‌ಗಳ ಮೇಲೆ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಸ್ಪ್ರೇ ಬರಹ ಕಾಣಿಸಿಕೊಂಡಿತು. ಪೊಲೀಸರು ಕೇಸು ದಾಖಲಿಸಿದರು. ಬರಹ ಉಳಿಯಲಿಲ್ಲ. ಕಲ್ಲು ಹಾಸಿ ಹೊಸದಾಗಿ ಮಾಡಿ 2018ರಲ್ಲಿ ತೆರೆದ ಬೀದಿ ಅದು. ಊರಿಗೆ ಬಂದವರಿಗೆ ತೋರಿಸುವ ಬೀದಿ. ಅಲ್ಲಿ ಯಾವ ಬಣ್ಣ ಇರಬಹುದು, ಯಾವುದು ಇರಬಾರದು ಅನ್ನೋದೇ ಒಂದು ಕವಿತೆಯ ವಸ್ತು. ಇಂಥ ಗೋಡೆಗಳನ್ನು ಹತ್ತಿರದಿಂದ ನೋಡಿ. ಮುಚ್ಚಿದ ಬಣ್ಣ ಹಳೆಯ ಬಣ್ಣಕ್ಕೆ ಎಂದೂ ಸರಿಯಾಗಿ ಹೊಂದುವುದಿಲ್ಲ. ಚೌಕ ಎದ್ದು ಕಾಣುತ್ತದೆ.

ಅಪಾಯದ ಬಗ್ಗೆಯೂ ಹೇಳಿಬಿಡುತ್ತೇನೆ. ಗೋಡೆಗೆ ಬರೆಯುವವರ ಮೇಲೆ ಹಾಕಲು ತೆರೆದ ಸ್ಥಳಗಳ ವಿರೂಪ ತಡೆಯುವ ಕರ್ನಾಟಕದ 1981ರ ಕಾಯ್ದೆ ಇದೆ. ಕವಿತೆಗೂ ರಕ್ಷಣೆ ಇದೆ ಅಂತ ನಂಬಿ ಕೂರಬೇಡಿ. ಅದೇ 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಕವಿ ಸಿರಾಜ್ ಬಿಸರಳ್ಳಿ ಪೌರತ್ವದ ದಾಖಲೆ ಕೇಳುವವರನ್ನು ಪ್ರಶ್ನಿಸುವ ಕವಿತೆ ಓದಿದರು. ಅವರ ಮೇಲೂ, ಅದನ್ನು ಹಂಚಿಕೊಂಡ ಪತ್ರಕರ್ತರ ಮೇಲೂ ಕೇಸಾಯಿತು, ಬಂಧನವಾಯಿತು, ಆಮೇಲೆ ಜಾಮೀನು ಸಿಕ್ಕಿತು. ಬೆಂಗಳೂರಿನಲ್ಲಂತೂ ಪ್ರತಿಭಟನೆಗೆ ಈಗ ಫ್ರೀಡಂ ಪಾರ್ಕ್ ಒಂದೇ ಜಾಗ. ಟೌನ್‌ಹಾಲ್ ಮೆಟ್ಟಿಲ ಮೇಲೆ ಮೊದಲಿನ ಹಾಗೆ ಸೇರುವಂತಿಲ್ಲ. ಹಾಗಾಗಿ ನಾವು ಓದುವಾಗ ಮೈಕ್ ಇಲ್ಲ, ಬ್ಯಾನರ್ ಇಲ್ಲ. ಫುಟ್‌ಪಾತ್ ಬಿಟ್ಟು ಇಳಿಯುವುದಿಲ್ಲ. ಎದುರಿನ ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳುತ್ತೇವೆ. ಓಣಿಯಲ್ಲಿ ಯಾವ ಮಾತು ನಡೆಯುತ್ತದೋ ಅದರಲ್ಲೂ ಒಂದು ಕವಿತೆ ಇರಲಿ ಅಂತ ನೋಡಿಕೊಳ್ಳುತ್ತೇವೆ. ಹಲಸೂರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ದಖನಿ ಉರ್ದು. ಗಾಡಿ ನಿಲ್ಲಿಸಿ ಕೇಳುವವರು ಆಗಲೇ ಸಿಗುವುದು. ಎಷ್ಟೋ ಸಲ ಅವರೇ ತಿದ್ದುತ್ತಾರೆ: "ಅಲ್ಲಿ ಬಾವಿ ಇರಲಿಲ್ಲಮ್ಮ, ಸೌದೆ ಡಿಪೋ ಇತ್ತು." ಆ ತಿದ್ದುಪಡಿ ಕವಿತೆಯೊಳಗೆ ಹೋಗಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ, ಹೊಸಬರ ಹಕ್ಕು. ಮಿಲ್ಲಿಗೆ ದುಡಿಯಲು ಬಂದ ನಮ್ಮ ತಾತನೂ ಒಂದು ಕಾಲಕ್ಕೆ ಹೊಸಬನೇ. ಹಕ್ಕು ಇದೆ. ಆದರೆ ನೀವು ಹೊರಗೆ ನಿಂತು ನೋಡುತ್ತಿರುವವರ ಹಾಗೆ ಬರೆಯಬೇಡಿ. ನಿಮ್ಮ ಸಂಬಳ, ನೀವು ಕೊಡುವ ಬಾಡಿಗೆ, ನೀವು ಕಾಫಿ ಕುಡಿಯುವ ಜಾಗ, ಎಲ್ಲವೂ ಆ ಗೋಡೆಯ ಕಥೆಯೊಳಗಿವೆ. ನಿಮ್ಮ ಬಾಡಿಗೆ ಎಷ್ಟು ಅಂತ ಕವಿತೆಯಲ್ಲಿ ಬರೆಯಿರಿ. ನಿಮಗಿಂತ ಮೊದಲು ಅಲ್ಲಿದ್ದವರು ಎಷ್ಟು ಕೊಡುತ್ತಿದ್ದರು ಅಂತ ಓನರ್ ಹತ್ತಿರ ಕೇಳಿ ಅದನ್ನೂ ಬರೆಯಿರಿ. ನಮ್ಮ ಗುಂಪಿಗೆ ರಾಯಚೂರಿನ ಹುಡುಗನೊಬ್ಬ ಬರುತ್ತಾನೆ. ಅವನ ಮನೆ ಎದುರಿನ ಗೋಡೆಯಲ್ಲಿ ದುಡಿಯುವ ಕೈಗಳ ದೊಡ್ಡ ಚಿತ್ರವಿದೆ. ಅವನು ಕೈಗಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ತನ್ನ ಕೋಣೆಯಲ್ಲಿ ಹಿಂದೆ ಇದ್ದವರ ಹೆಸರಿಗೆ ಇನ್ನೂ ಬರುತ್ತಿರುವ ಎಲ್‌ಐಸಿ ಕಾಗದಗಳನ್ನು ಇಟ್ಟುಕೊಂಡು ಅವರಿಗೇ ಪತ್ರದ ಹಾಗೆ ಬರೆದ. ಎಲ್ಲಿಗೆ ಹೋದಿರಿ, ಈ ಗೋಡೆಗೆ ಬಣ್ಣ ಹಚ್ಚುವಾಗ ನೀವು ಇಲ್ಲಿದ್ದಿರಾ, ಕಂತು ಕಟ್ಟುವ ದಿನ ದಾಟುತ್ತಿದೆ ಅಂತ. ಅದನ್ನು ಗೋಡೆ ಮುಂದೆ ಓದಿದಾಗ ಪಕ್ಕದ ಹೂವಿನ ಅಂಗಡಿಯವರು ಅವರ ಹೊಸ ಏರಿಯಾ ಯಾವುದು ಅಂತ ಹೇಳಿದರು. ಕಾಗದಗಳನ್ನು ಈಗ ಅವನೇ ಅಲ್ಲಿಗೆ ಮುಟ್ಟಿಸುತ್ತಾನೆ.