ಆಟಿಸಂ ಇರುವ ಮಗುವಿಗೆ ಕೊಲೆಸ್ಟ್ರಾಲ್ ಕಡಿಮೆಯಿದ್ದರೆ ತುಪ್ಪ ಹೆಚ್ಚಿಸಬೇಕೇ?

ತುಪ್ಪದಿಂದ ಮಿದುಳಿಗೆ ನೇರ ಲಾಭವಿಲ್ಲ. ರಕ್ತದ ಕೊಲೆಸ್ಟ್ರಾಲ್ ಮಿದುಳಿಗೆ ದಾಟುವುದಿಲ್ಲವಾದ್ದರಿಂದ ಮಿದುಳು ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಂಗಳೂರಿನ ಲ್ಯಾಬ್ ವರದಿಯಲ್ಲಿ ನಿಮ್ಮ ಮಗನ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರ್‌ಗೆ 92 ಮಿಲಿಗ್ರಾಂ ಬಂದಿದೆ ಎಂದು ಪ್ರಶ್ನೆಯಲ್ಲಿ ತಿಳಿಸಿದ್ದೀರಿ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿಯೂ ಆಟಿಸಂ ಇದ್ದ 100 ಮಂದಿಯ ಪೈಕಿ 19 ಮಂದಿಯಲ್ಲಿ ಅದು ಡೆಸಿಲೀಟರ್‌ಗೆ 100 ಮಿಲಿಗ್ರಾಂಗಿಂತ ಕಡಿಮೆಯಿತ್ತು. ಆದರೆ ಅದೇ ಆಟಿಸಂಗೆ ಕಾರಣವೆನ್ನಲಾಗದು. ಮೂರು ಹೊತ್ತೂ ಬರೀ ಮೊಸರನ್ನವನ್ನೇ ಬೇಡುವ ಮಗುವಾದರೆ ಆಹಾರವನ್ನೂ ಗಮನಿಸಬೇಕು.

ಅಪರೂಪಕ್ಕೆ ಸ್ಮಿತ್-ಲೆಮ್ಲಿ-ಒಪಿಟ್ಜ್ ಎಂಬ ಆನುವಂಶಿಕ ಕಾಯಿಲೆಯಿರಬಹುದು: ಕೊಲೆಸ್ಟ್ರಾಲ್ ತಯಾರಿಕೆಯ ಕೊನೆಯ ಹಂತದ ಕಿಣ್ವ ದುರ್ಬಲವಾಗಿ, 7-ಡಿಹೈಡ್ರೋಕೊಲೆಸ್ಟ್ರಾಲ್ ಎಂಬ ಅರೆಬರೆ ವಸ್ತು ಶೇಖರಗೊಳ್ಳುತ್ತದೆ. ಸಾಮಾನ್ಯ ಲಿಪಿಡ್ (ರಕ್ತದ ಕೊಬ್ಬಿನಂಶದ) ಪರೀಕ್ಷೆ ಇದನ್ನು ಬೇರೆಯಾಗಿ ತೋರಿಸದು. ಈ ಕಾಯಿಲೆಯ ಸುಳಿವಿಗಾಗಿ ಮಗುವಿನ ಪಾದ ನೋಡಿ; ಎರಡನೆಯ, ಮೂರನೆಯ ಬೆರಳುಗಳು ಚರ್ಮದಿಂದ ಕೂಡಿಕೊಂಡಿದ್ದರೆ ಆನುವಂಶಿಕ ಕಾಯಿಲೆಗಳ ತಜ್ಞರನ್ನು ತಪ್ಪದೆ ಕಾಣಿ.