ವಿಟರ್ಬಿ ಡಿಕೋಡರ್ ಜೀನೋಮ್ ಕೆಲಸಕ್ಕೂ ಬರುತ್ತೆ

ಎಂಜಿನಿಯರಿಂಗ್‌ನಲ್ಲಿ ಕಲಿತ ವಿಟರ್ಬಿ ಡಿಕೋಡರ್ ಬಯೋಇನ್ಫರ್ಮ್ಯಾಟಿಕ್ಸ್ (ಜೀವಶಾಸ್ತ್ರದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸೋ ಕ್ಷೇತ್ರ) ಕಡೆ ಹೋದರೆ ವ್ಯರ್ಥವಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಅಲ್ಲೂ ಅದೇ ಲೆಕ್ಕ, ನಿಜವಾಗಿಯೂ ಅದೇ.

ಆಂಡ್ರ್ಯೂ ವಿಟರ್ಬಿ 1967ರಲ್ಲಿ ಇದನ್ನು ಪ್ರಕಟಿಸಿದ್ದು ಗದ್ದಲದಲ್ಲಿ ಕೆಟ್ಟುಹೋದ ಸಿಗ್ನಲ್‌ನಿಂದ ಮೂಲ ಬಿಟ್‌ಗಳನ್ನು ಹೆಕ್ಕೋದಕ್ಕೆ. ಆಮೇಲೆ ಜಿಎಸ್ಎಂ ಮೊಬೈಲ್ ಫೋನುಗಳಿಗೂ ಬಂತು.

ಈಗ ಡಿಎನ್ಎಗೆ ಬನ್ನಿ. ಅದು ಎ, ಸಿ, ಜಿ, ಟಿ ಅನ್ನೋ ನಾಲ್ಕು ಅಕ್ಷರಗಳ ಉದ್ದ ಸಾಲು. ನಮ್ಮ ಜೀನೋಮಿನಲ್ಲಿ ಸಿ ಆದಮೇಲೆ ಜಿ ಬರೋದು ಕಡಿಮೆ, ಯಾಕಂದ್ರೆ ಆ ಸಿಗೆ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡು ತಲೆಮಾರುಗಳು ಕಳೆದಂತೆ ಅದು ಟಿ ಆಗಿಬಿಡುತ್ತೆ. ಆದರೆ ಎಷ್ಟೋ ಜೀನುಗಳ ಆರಂಭದ ಹತ್ತಿರ ಈ ಜೋಡಿ ದಟ್ಟವಾಗಿ ಉಳಿದಿರುತ್ತೆ. ಅವೇ ಸಿಪಿಜಿ ದ್ವೀಪಗಳು. ನಮಗೆ ಕಾಣೋದು ಅಕ್ಷರ ಮಾತ್ರ. ಆ ಅಕ್ಷರ ದ್ವೀಪದ ಒಳಗಿದೆಯೋ ಹೊರಗಿದೆಯೋ ಕಾಣಲ್ಲ. ಪ್ರತಿ ಅಕ್ಷರಕ್ಕೂ ಒಳಗೆ, ಹೊರಗೆ ಅಂತ ಎರಡು ಆಯ್ಕೆ, ಹಾಗಾಗಿ 1000 ಅಕ್ಷರಕ್ಕೆ 2ರ 1000ನೇ ಘಾತದಷ್ಟು ದಾರಿಗಳು! ವಿಟರ್ಬಿ ಪ್ರತಿ ಅಕ್ಷರದಲ್ಲೂ ಒಳಗೆ ಮುಗಿಯೋದೊಂದು, ಹೊರಗೆ ಮುಗಿಯೋದೊಂದು ಉತ್ತಮ (ಅಂದ್ರೆ ಅತಿ ಹೆಚ್ಚು ಸಂಭವನೀಯತೆಯ) ದಾರಿ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಿಡುತ್ತೆ. ನೀವು ನೋಟ್ಸಿನಲ್ಲಿ ಬರೆದ ಟ್ರೆಲಿಸ್ ಚಿತ್ರವೇ (ಹಂತಹಂತದ ಸ್ಥಿತಿಗಳನ್ನು ಗೆರೆಗಳಿಂದ ಜೋಡಿಸಿದ ಜಾಲ) ಇದು. ನನಗಂತೂ ಇದು ಹೊಳೆದ ದಿನ ನಿದ್ದೆ ಬರಲಿಲ್ಲ.

1997ರಲ್ಲಿ ಬರ್ಜ್ ಮತ್ತು ಕಾರ್ಲಿನ್ ಮಾಡಿದ ಜೆನ್‌ಸ್ಕ್ಯಾನ್ ಅನ್ನೋ ಜೀನ್ ಹುಡುಕೋ ಪ್ರೋಗ್ರಾಂ ಕೂಡ ಎಕ್ಸಾನ್ (ಜೀನಿನಲ್ಲಿ ಅಂತಿಮ ಸಂದೇಶದಲ್ಲಿ ಉಳಿಯೋ ಭಾಗ), ಇಂಟ್ರಾನ್ (ಮಧ್ಯೆ ಕತ್ತರಿಸಿ ತೆಗೆಯೋ ಭಾಗ) ಗುರುತಿಸಿದ್ದು ಇದೇ ಜಾತಿಯ ಲೆಕ್ಕದಿಂದ.

ಮೊದಲು ಪೈಥಾನ್‌ನಲ್ಲಿ ಒಳಗೆ, ಹೊರಗೆ ಅನ್ನೋ ಈ ಎರಡು ಸ್ಥಿತಿಯ ಮಾದರಿ ಬರೆದುನೋಡಿ. ಸಂಭವನೀಯತೆಗಳನ್ನು ಗುಣಿಸುತ್ತಾ ಹೋದರೆ ಬೇಗ ಸೊನ್ನೆಗೆ ಇಳಿದುಬಿಡುತ್ತೆ. ಲಾಗ್ ತೆಗೆದು ಕೂಡಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಕೋಡ್ ಇಲ್ಲೇ ಹಾಕಿ, ನೋಡ್ತೀನಿ.